ಕ್ಷೌರಿಕನ ಕೈಬರಹ

ಆಗಸ್ಟ್ 9
ಹಾಸ್ಟೆಲ್, ಮೂರನೇ ಮಹಡಿ

ಅಜ್ಜ,

ಇಲ್ಲಿಗೆ ಬಂದು ಐದು ವಾರವಾದರೂ ನಿನಗೊಂದು ಕಾಗದ ಹಾಕಿಲ್ಲ ಎಂದು ಅಮ್ಮ ಫೋನಿನಲ್ಲಿ ತರಾಟೆಗೆ ತೆಗೆದುಕೊಂಡಳು. ನಿನಗೂ ಒಂದು ಫೋನ್ ಇದ್ದಿದ್ದರೆ ಈ ಬೈಗುಳ ತಪ್ಪುತ್ತಿತ್ತು. ಫೋನಿನಲ್ಲಿ ಕೈಬರಹ ಕೇಳಿಸುವುದಿಲ್ಲ ಎಂದು ಹಠ ಹಿಡಿದವನು ನೀನು, ಅನುಭವಿಸುವವಳು ನಾನು. ಬರೆಯಲು ಕೂತರೆ ಮೊದಲ ಸಾಲು ಇಂಗ್ಲಿಷಿನಲ್ಲಿ ಬರುತ್ತದೆ. ಅದನ್ನು ಹೊಡೆದು ಹಾಕಿದರೆ ಎರಡನೇ ಸಾಲು ಬರುವುದೇ ಇಲ್ಲ. ಏಳನೇ ವಯಸ್ಸಿನಿಂದ ಹಾಸ್ಟೆಲ್ಲಿನಲ್ಲಿ ಬೆಳೆದವಳ ಭಾಷೆ ಇಷ್ಟೇ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಮೊಮ್ಮಗಳು ದಂತವೈದ್ಯ ಕಾಲೇಜು ಸೇರಿದ ದಿನವೇ ನಾಲ್ಕು ಹಲ್ಲು ಕಿತ್ತಳು ಎಂದು ಹೇಳಿಕೊಂಡು ತಿರುಗುತ್ತಿದ್ದೀಯಂತೆ. ಅಜ್ಜ, ಮೊದಲ ವರ್ಷ ನಮಗೆ ಯಾರ ಬಾಯಿಯೂ ಸಿಗುವುದಿಲ್ಲ. ಮೇಣದ ಕಟ್ಟಿ ಕೊಡುತ್ತಾರೆ, ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟು ಉದ್ದದ್ದು. ಪುಟ್ಟ ಚಾಕುವಿನಿಂದ ಅದನ್ನು ಕೆತ್ತಿ ಹಲ್ಲು ಮಾಡಬೇಕು. ಒಂದು ಕೂದಲೆಳೆಯಷ್ಟು ಹೆಚ್ಚು ಕೆತ್ತಿದರೆ ಮತ್ತೆ ಅಂಟಿಸಲಾಗದು. ನನ್ನ ರೂಮ್‌ಮೇಟ್ ಮಾಡಿದ ಬಾಚಿಹಲ್ಲನ್ನು ಮೇಡಂ ಇಡೀ ಕ್ಲಾಸಿಗೆ ತೋರಿಸಿದರು. ಅವಳು ಹಾಡು ಗುನುಗುತ್ತಲೇ ಕೆತ್ತುತ್ತಾಳೆ, ಚಾಕುವಿಗೆ ದಾರಿ ಮೊದಲೇ ಗೊತ್ತಿದ್ದ ಹಾಗೆ. ನನಗೆ ಸೀಟು ಸಿಕ್ಕಿದ್ದು ಎರಡನೇ ಪಟ್ಟಿಯಲ್ಲಿ, ಹಾಗಾಗಿ ಹತ್ತು ದಿನ ತಡವಾಗಿ ಸೇರಿದೆ. ಪರವಾಗಿಲ್ಲ, ಎಲ್ಲ ಕ್ಯಾಚ್ ಅಪ್ ಆಯಿತು. ಸೂಪರಾಗಿ ನಡೆಯುತ್ತಿದೆ.

ಈಗ ಮುಖ್ಯ ವಿಷಯ. ಮೂರು ವರ್ಷದ ಮೇಲೆ ನಿನಗೆ ಪಾತ್ರ ಸಿಕ್ಕಿದೆಯಂತೆ, ಕ್ಷೌರಿಕನದು! ಅಮ್ಮನಿಗೆ ಗೊತ್ತು, ನನಗೆ ಗೊತ್ತಿಲ್ಲ, ಇದ್ಯಾವ ನ್ಯಾಯ? ನಮ್ಮ ಕರಾರು ಮರೆತೆಯಾ? ಶೂಟಿಂಗಿಗೆ ಮೊದಲು ಆ ಪಾತ್ರ ತನ್ನ ಕೈಬರಹದಲ್ಲಿ ನನಗೊಂದು ಕಾಗದ ಬರೆಯಬೇಕು. ಬೋರ್ಡಿಂಗ್ ಶಾಲೆಯ ಮೊದಲ ವಾರ ನಾನು ಅತ್ತೂ ಅತ್ತೂ ಸುಸ್ತಾಗಿದ್ದಾಗ ಜೈಲರ್ ಬರೆದಿದ್ದನಲ್ಲ, ‘ಕೈದಿ ನಂಬರ್ ಹದಿನೇಳು, ಓಡಿಹೋಗುವ ಯೋಚನೆ ಬಿಡು, ಇಲ್ಲಿ ಊಟ ಚೆನ್ನಾಗಿದೆ’ ಎಂದು, ಅದು ಇನ್ನೂ ನನ್ನ ಬಿಸ್ಕತ್ ಡಬ್ಬಿಯಲ್ಲಿದೆ. ಎಡಗೈಯಲ್ಲಿ ಬರೆದ ಜೇಬುಗಳ್ಳನೂ ಇದ್ದಾನೆ, ಒಂದೇ ಒಂದು ಕಾಮಾ ಹಾಕದ ಲಾರಿ ಡ್ರೈವರೂ ಇದ್ದಾನೆ. ಕ್ಷೌರಿಕನಿಗೆ ಜಾಗ ಮಾಡಿಟ್ಟಿದ್ದೇನೆ.

ನಿನ್ನ ಪೆನ್ಸಿಲ್

*

ಆಗಸ್ಟ್ 21
ಗಲ್ಲಿಯ ತುದಿಯ ಸೆಲೂನ್

ಮಾನ್ಯ ಕುಮಾರಿ ಪೆನ್ಸಿಲ್ ಅವರಿಗೆ,

ನಾನು ಕ್ಷೌರಿಕ. ನನ್ನ ಅಂಗಡಿಯಲ್ಲಿ ಒಂದು ಕನ್ನಡಿ, ಒಂದು ಕುರ್ಚಿ, ಹಳೆಯ ಕ್ಯಾಲೆಂಡರು. ಜನರನ್ನು ನಾನು ಕೆಳಗಿನಿಂದ ಮೇಲಕ್ಕೆ ಗುರುತಿಸುತ್ತೇನೆ. ಮೊದಲು ಕತ್ತು, ಆಮೇಲೆ ಗದ್ದ, ಕೊನೆಗೆ ಕಣ್ಣು. ಕಣ್ಣಿಗೆ ಬರುವ ಹೊತ್ತಿಗೆ ಆಸಾಮಿ ಸುಳ್ಳನೋ ಅಲ್ಲವೋ ತಿಳಿದಿರುತ್ತದೆ.

ನನ್ನ ಕಥೆ ಚಿಕ್ಕದು. ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ಗೆಳೆಯನೊಬ್ಬ ಒಂದು ದಿನ ಬಂದು ನನ್ನ ಕುರ್ಚಿಯಲ್ಲಿ ಕೂರುತ್ತಾನೆ. ನಾನು ಅವನ ಗಡ್ಡ ಬೋಳಿಸುತ್ತೇನೆ. ಇಬ್ಬರೂ ತುಟಿ ಬಿಚ್ಚುವುದಿಲ್ಲ. ನಾಲ್ಕು ನಿಮಿಷ, ನಡುವೆ ಒಂದೂ ಕಟ್ ಇಲ್ಲ. ನವೆಂಬರ್ ಹದಿನಾಲ್ಕಕ್ಕೆ ಅದರ ಶೂಟಿಂಗು. ಗಡ್ಡ ನಿಜವಾಗಿ ಬೀಳಬೇಕು, ಕರಕರ ಸದ್ದು ನಿಜವಾಗಿ ಕೇಳಬೇಕು, ಹಾಗಾಗಿ ಕತ್ತಿಯೂ ನಿಜದ್ದೇ. ಬೆಳೆಸಿದ ಗಡ್ಡ ಒಂದೇ ಸಲ ಬೋಳಿಸಲು ಬರುವುದಾದ್ದರಿಂದ ಇದು ಒಂದೇ ಟೇಕಿನ ಕೆಲಸ. ಮೊಂಡು ಕತ್ತಿ ಕೊಟ್ಟರೆ ಸೆಟ್ಟಿಗೇ ಬರುವುದಿಲ್ಲ ಎಂದು ನನ್ನ ಪಾತ್ರ ಮಾಡುವ ನಟ ಮಹಾಶಯರು ಮೊದಲ ದಿನವೇ ನಿರ್ದೇಶಕಿಗೆ ಎಚ್ಚರಿಕೆ ಕೊಟ್ಟಿದ್ದರಂತೆ. ಆ ಮನುಷ್ಯನ ಹಠ ತಮಗೆ ಗೊತ್ತೇ ಇದೆ.

ಕುರ್ಚಿಯಲ್ಲಿ ಕೂರುವವನು ತಮ್ಮ ಗುಡುಗು ಮಾಮ. ಮೂವತ್ತು ಸಿನಿಮಾಗಳಲ್ಲಿ ನಟ ಮಹಾಶಯರ ಕತ್ತು ಹಿಸುಕಿದ ಅದೇ ಖಳನಾಯಕ.

ಸದ್ಯಕ್ಕೆ ಬಲೂನಿಗೆ ನೊರೆ ಹಚ್ಚಿ ಕತ್ತಿಯಿಂದ ತೆಗೆಯುವ ಅಭ್ಯಾಸ ನಡೆದಿದೆ. ಈ ಕಸುಬು ಕಲಿಯುವವರೆಲ್ಲ ಹಾಗೇ ಕಲಿಯುವುದಂತೆ. ಅಕ್ಷರ ಅಲುಗಾಡಿದ್ದರೆ ಇಡೀ ದಿನ ನಿಂತು ದುಡಿಯುವವನ ಕೈ ಎಂದುಕೊಂಡು ಓದಿಕೊಳ್ಳಬೇಕು.

ಇಂತಿ ತಮ್ಮ ಗದ್ದದ ಹಿತಚಿಂತಕ,
ಕ್ಷೌರಿಕ

*

ಆಗಸ್ಟ್ 31

ಅಜ್ಜ, ಅಜ್ಜ, ಅಜ್ಜ!

ಕೈ ನಡುಗುವ ಕ್ಷೌರಿಕ! ಇದು ಯಾರಿಗಾದರೂ ಹೊಳೆಯುವ ಐಡಿಯಾನಾ? ಕವರು ಬಿಡಿಸಿದಾಗ ಯಾರೋ ಕಾಯಿಲೆಯವರು ಬರೆದದ್ದು ಎಂದುಕೊಂಡೆ. ಆಮೇಲೆ ನಗು ಬಂತು. ಆ ಕತ್ತಿ, ಆ ಕತ್ತು, ಆ ಕೈ. ಥಿಯೇಟರಿನಲ್ಲಿ ಜನ ನಾಲ್ಕು ನಿಮಿಷ ಉಸಿರಾಡುವುದಿಲ್ಲ ಬಿಡು. ಡಬ್ಬಿಯಲ್ಲಿರುವ ಹನ್ನೆರಡು ಕೈಬರಹಗಳಲ್ಲಿ ಇದೇ ಬೆಸ್ಟ್.

ಆದರೆ ನೀನು ಯಾವಾಗಲೂ ‘ಮುಲಾಜಿಲ್ಲದೆ ಹೇಳು’ ಎನ್ನುತ್ತೀಯಲ್ಲ, ಅದಕ್ಕೆ ಹೇಳುತ್ತೇನೆ. ಸ್ವಲ್ಪ ಓವರ್ ಆಯ್ತು. ‘ಕುರ್ಚಿ’ ಎಂದು ಬರೆದ ಕಡೆ ಗೆರೆ ಎರಡು ಸಾಲು ಕೆಳಕ್ಕೆ ಜಾರಿದೆ. ನಿಜವಾಗಿ ಕೈ ನಡುಗುವವರು ಹಾಗೆ ಬಿಟ್ಟುಕೊಡುವುದಿಲ್ಲ ಅಜ್ಜ. ಅಕ್ಷರವನ್ನು ಚಿಕ್ಕದು ಮಾಡುತ್ತಾರೆ, ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಪೆನ್ನು ಹಿಡಿಯುತ್ತಾರೆ. ಯಾರಾದರೂ ಹಿಂದೆ ಬಂದು ನಿಂತರೆ ಕೆಲಸ ನಿಲ್ಲಿಸಿ ಕೆಮ್ಮುತ್ತಾರೆ, ಚಾಕು ಕೆಳಗಿಟ್ಟು ಕೂದಲು ಸರಿಮಾಡಿಕೊಳ್ಳುತ್ತಾರೆ. ಅಡಗಿಸುವುದೇ ಅವರಿಗೆ ದೊಡ್ಡ ಕೆಲಸ.

ಇಷ್ಟೆಲ್ಲ ಹೇಗೆ ಗೊತ್ತು ಎಂದರೆ, ನನ್ನ ರೂಮ್‌ಮೇಟ್‌ಗೆ ಹಾಗಾಗುತ್ತದೆ. ಮೇಡಂ ಹಿಂದೆ ನಿಂತರೆ ಸಾಕು, ಪಾಪ, ಅವಳ ಕೈ ಅವಳ ಮಾತು ಕೇಳುವುದಿಲ್ಲ. ಮೂರು ಹಲ್ಲು ಮುರಿದಳು. ನವೆಂಬರ್ ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ ಇದೆ. ಇಂಥವರು ಮುಂದುವರಿಯುವುದು ಸರಿಯಾ ಅಜ್ಜ? ಸುಮ್ಮನೆ ಕೇಳಿದೆ.

ಪೆನ್ಸಿಲ್

*

ಸೆಪ್ಟೆಂಬರ್ 10

ವಿಮರ್ಶಕಿಗೆ,

ನಿನ್ನ ಟೀಕೆ ಒಪ್ಪಿಕೊಂಡೆ. ಈ ಸಲ ಅಕ್ಷರ ಚಿಕ್ಕದು ಮಾಡಿದ್ದೇನೆ, ನೋಡಿಕೋ.

ನಿನ್ನ ಮಾತನ್ನೇ ನನ್ನದೆಂದು ನಿರ್ದೇಶಕಿಗೆ ಹೇಳಿಬಿಟ್ಟೆ. “ಈ ಕ್ಷೌರಿಕನ ಕೈ ನಡುಗುತ್ತೆ ಕಣಮ್ಮ. ಜನ ಉಸಿರು ಬಿಗಿ ಹಿಡಿದು ನೋಡ್ತಾರೆ,” ಎಂದೆ. ಆ ಹುಡುಗಿ ಕೂತಲ್ಲಿಂದ ಎದ್ದೇಬಿಟ್ಟಳು. “ಸರ್, ನನಗಿದು ಹೊಳೀಲೇ ಇಲ್ವಲ್ಲ! ಎಷ್ಟು ನಡುಗಬೇಕು ಅಂತ ನೀವೇ ಕಂಟ್ರೋಲ್ ಮಾಡ್ಕೊಳ್ಳಿ,” ಎಂದಳು. ಆಗಲಿ ಎಂದೆ. ಗುಡುಗು ಪಕ್ಕದಲ್ಲೇ ಇದ್ದ. “ನಟನೆ ಮಾಡ್ತಾ ಮಾಡ್ತಾ ನನ್ನ ಕತ್ತು ಮರೀಬೇಡ ಕಣಯ್ಯಾ,” ಎಂದು ನಕ್ಕ.

ನಿನ್ನ ರೂಮ್‌ಮೇಟ್ ವಿಷಯ. ಸುತ್ತಿಬಳಸದೆ ಹೇಳಿಬಿಡು: ಹೊತ್ತು ಮೀರುವ ಮೊದಲೇ ಬಿಡಲಿ. ನಡುಗುವ ಕೈಯಲ್ಲಿ ಹರಿತವಾದದ್ದು ಹಿಡಿದು ಇನ್ನೊಬ್ಬರ ಮುಖದ ಹತ್ತಿರ ಹೋಗುವುದು ಧೈರ್ಯವಲ್ಲ, ಮೋಸ. ನಂಬಿ ಕಣ್ಣು ಮುಚ್ಚಿ ಕೂತವನ ಮುಂದೆ, ಗೊತ್ತಿದ್ದೂ ನಿಲ್ಲುವವನು ನಾಚಿಕೆಗೆಟ್ಟವನು. ಇದರಲ್ಲಿ ‘ಪಾಪ’ ಎನ್ನುವುದಕ್ಕೆ ಏನೂ ಇಲ್ಲ.

ಊಟ ಸರಿಯಾಗಿ ಮಾಡು.

ಕ್ಷೌರಿಕ

*

ಸೆಪ್ಟೆಂಬರ್ 29
ಸೆಲೂನ್

ಮಾನ್ಯ ಕುಮಾರಿಯವರೇ,

ತಮ್ಮಿಂದ ಪತ್ರವಿಲ್ಲ. ಪ್ರೇಮ ಪ್ರಕರಣವೇನಾದರೂ ಇದ್ದಲ್ಲಿ ಹುಡುಗನ ಗದ್ದದ ಚಿತ್ರ ಕಳುಹಿಸತಕ್ಕದ್ದು, ನೋಡಿ ಅಭಿಪ್ರಾಯ ತಿಳಿಸುತ್ತೇನೆ.

ಗಿರಾಕಿಗಳಿಲ್ಲದಾಗ ಕ್ಷೌರಿಕನಿಗೆ ಹರಟೆಯೇ ಗತಿ. ಹಾಗಾಗಿ ನಮ್ಮ ನಟ ಮಹಾಶಯರ ಪುರಾಣ ಕೇಳಿ. ಆ ಮನುಷ್ಯ ಮೊದಲು ಶಾಲೆಯೊಂದರಲ್ಲಿ ಗುಮಾಸ್ತ. ಒಂದು ದಿನ ಆ ಶಾಲೆಯ ಆಫೀಸಿಗೆ ಶೂಟಿಂಗಿನವರು ಬಂದರು. ಗುಮಾಸ್ತನ ಪಾತ್ರದವನು ಬರಲಿಲ್ಲ. “ಏ, ನೀನೇ ಕೂತ್ಕೊಂಡು ಸೀಲ್ ಹೊಡಿ,” ಎಂದರು. ಇವರು ಸೀಲ್ ಹೊಡೆದರು. ಕ್ಯಾಮೆರಾ ನಿಂತರೂ ಹೊಡೆಯುತ್ತಲೇ ಇದ್ದರು. “ಸಾಕು ನಿಲ್ಸಯ್ಯಾ!” ಎಂದರೆ, “ಇನ್ನೂ ಹನ್ನೊಂದು ಫೈಲ್ ಇದೆ ಸ್ವಾಮಿ, ಇವತ್ತೇ ಹೋಗ್ಬೇಕು,” ಎಂದರಂತೆ. ನಿಜವಾದ ಫೈಲುಗಳು! ಅಂದಿನಿಂದ ಮೂವತ್ತೆಂಟು ವರ್ಷ, ಇನ್ನೂರಕ್ಕೂ ಹೆಚ್ಚು ಸಿನಿಮಾ. ಪೋಸ್ಟರಿನಲ್ಲಿ ಮುಖ ಬಂದದ್ದು ಒಂದೇ ಸಲ, ಅದರ ಮೇಲೂ ಥಿಯೇಟರಿನವರು ‘ಹೌಸ್‌ಫುಲ್’ ಚೀಟಿ ಅಂಟಿಸಿದ್ದರು.

ಹೀರೋಗಳಿಗೆ ಮಾತ್ರ ಕುರ್ಚಿ ಕೊಡುತ್ತಾರೆಂದು ಮನೆಯಿಂದ ಮಡಚುವ ಕುರ್ಚಿ ಹೊತ್ತು ತಂದು, ಹೀರೋಗಳ ಪಕ್ಕದಲ್ಲೇ ಹಾಕಿಕೊಳ್ಳುತ್ತಿದ್ದರು. ಜೇಬುಗಳ್ಳನ ಪಾತ್ರಕ್ಕೆಂದು ಹೆಂಡತಿಯ ಸೊಂಟದಿಂದ ಬೀಗದ ಕೈ ಕದ್ದು ಸಿಕ್ಕಿಬೀಳಲೇ ಇಲ್ಲ. ತಮ್ಮ ಅಜ್ಜಿ ಬದುಕಿದ್ದಷ್ಟು ದಿನವೂ ಆ ಬೀಗದ ಕೈ ಕಳೆದುಹೋಗಿತ್ತೆಂದೇ ನಂಬಿದ್ದರು. ಹೊಸ ಪಾತ್ರದ ಚಪ್ಪಲಿಯನ್ನು ಒಂದು ತಿಂಗಳು ಮೊದಲೇ ಹಾಕಿಕೊಂಡು ತಿರುಗಿ, ಕಾಲು ಕಚ್ಚಿಸಿಕೊಂಡು, ‘ಈಗ ಇವನ ಸಿಡುಕು ಅರ್ಥವಾಯಿತು’ ಎನ್ನುತ್ತಿದ್ದರು.

ಅಂಥವರು ಈಗ ಸುಮ್ಮನಿದ್ದಾರೆ. ಅಂಚೆಯವನ ಸೈಕಲ್ ಬೆಲ್ಲಿಗೆ ಕಿಟಕಿಗೆ ಬರುತ್ತಾರೆ. ತಾವು ಎರಡು ಸಾಲು ಗೀಚಿದರೂ ಸಾಕು.

ಕ್ಷೌರಿಕ

*

ಅಕ್ಟೋಬರ್ 14

ಪೆನ್ಸಿಲ್,

ಈ ಕಾಗದ ಕ್ಷೌರಿಕನದಲ್ಲ.

ನಿನ್ನಿಂದ ಐದು ವಾರ ಸದ್ದಿಲ್ಲ. ಅಮ್ಮನನ್ನು ಕೇಳಿದರೆ “ಫೋನ್ ಮಾಡ್ತಾಳಪ್ಪ, ಎಲ್ಲಾ ಸೂಪರ್ ಅಂತಾಳೆ,” ಎನ್ನುತ್ತಾಳೆ. ನಿನ್ನ ಎರಡೂ ಕಾಗದಗಳನ್ನು ಇವತ್ತು ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಸ್ಕ್ರಿಪ್ಟು ಓದುವ ಹಾಗೆ ಓದಿದೆ. ಕಂಟಿನ್ಯುಟಿ ತಪ್ಪಿದೆ, ಮಗಳೇ. ಆಗಸ್ಟ್ ಒಂಬತ್ತರಂದು ನಿನ್ನ ರೂಮ್‌ಮೇಟ್ ಹಾಡು ಗುನುಗುತ್ತಾ ಕ್ಲಾಸಿಗೇ ಒಳ್ಳೆಯ ಬಾಚಿಹಲ್ಲು ಕೆತ್ತುತ್ತಾಳೆ. ಮೂವತ್ತೊಂದರಂದು ಅದೇ ಹುಡುಗಿ ಚಾಕು ಹಿಡಿಯಲಾರಳು. ಮೊದಲ ದೃಶ್ಯದಲ್ಲಿ ಕೋಟು ಹಾಕಿದ್ದವನು ಬಾಗಿಲು ದಾಟುವಷ್ಟರಲ್ಲಿ ಬರೀ ಅಂಗಿಯಲ್ಲಿದ್ದರೆ ಒಬ್ಬನಾದರೂ ಕೂಗಬೇಕು. ನಾನು ಕೂಗಲಿಲ್ಲ. ನನ್ನ ಕೋಟನ್ನು ಅಡಗಿಸುವುದರಲ್ಲೇ ಮುಳುಗಿದ್ದೆ.

ಸತ್ಯ ಹೇಳುತ್ತೇನೆ. ಆಗಸ್ಟಿನ ಕಾಗದ ನಟನೆಯಲ್ಲ. ಅದು ನನ್ನದೇ ಕೈ. ನೀನು ‘ಬೆಸ್ಟ್’ ಎಂದ ಆ ಕೈಬರಹಕ್ಕೆ ನಾನು ಒಂದಿಷ್ಟೂ ಕಷ್ಟಪಟ್ಟಿಲ್ಲ.

ಮೂರು ವರ್ಷ ಪಾತ್ರವಿರಲಿಲ್ಲವಲ್ಲ, ನಿಮಗೆಲ್ಲ ‘ಈಗ ಸಿನಿಮಾದವರಿಗೆ ವಯಸ್ಸಿನ ಹುಡುಗರೇ ಬೇಕು’ ಎಂದಿದ್ದೆ. ಅದೂ ಸುಳ್ಳು. ಕೊನೆಯ ಸಿನಿಮಾದಲ್ಲಿ ನ್ಯಾಯಾಧೀಶನ ಪಾತ್ರ. ತೀರ್ಪು ಓದುವ ಮೊದಲು ಹೂಜಿಯಿಂದ ಲೋಟಕ್ಕೆ ನೀರು ಹಾಕಿಕೊಳ್ಳಬೇಕು, ಅಷ್ಟೇ. ಹೂಜಿ ಲೋಟದ ಅಂಚಿಗೆ ತಾಕಿ ಟಕಟಕ ಎಂದಿತು. ಹದಿನಾಲ್ಕು ಟೇಕ್. ಲೈಟಿನವರು ಮೇಲೆ ನೋಡತೊಡಗಿದರು, ನನ್ನನ್ನು ನೋಡಬಾರದೆಂದು. ಮಾರನೆಯ ದಿನ ಬೇರೆ ಯಾರದೋ ಕೈ ತಂದು ಆ ನೀರು ಹಾಕಿಸಿದರು. ತೆರೆಯ ಮೇಲೆ ಗಂಟಲು ನನ್ನದು, ಕೈ ಅವನದು. ಸುದ್ದಿ ಹರಡಲು ಒಂದು ಊಟದ ಬಿಡುವು ಸಾಕು.

ಡಾಕ್ಟರು ಪ್ರಾಣಕ್ಕೇನೂ ಅಪಾಯವಿಲ್ಲ ಎಂದಿದ್ದಾರೆ. ಯಾರಾದರೂ ನೋಡುತ್ತಿದ್ದರೆ ಹೆಚ್ಚಾಗುತ್ತದಂತೆ. ಯಾರಾದರೂ ನೋಡಲೆಂದೇ ಇರುವುದು ನನ್ನ ಕಸುಬು.

ಈ ನಿರ್ದೇಶಕಿ ಹೊಸಬಳು, ಆ ಸುದ್ದಿ ಕೇಳಿಲ್ಲ. ನಿನ್ನ ಕಾಗದ ಬಂದಾಗ, ನಡುಕವನ್ನೇ ನಟನೆ ಎಂದು ಮಾರಿಬಿಡಬಹುದು ಎನಿಸಿತು. ಮಾರಿದೆ. ಇಲ್ಲಿಯವರೆಗೆ ಹನ್ನೊಂದು ಬಲೂನು ಒಡೆದಿವೆ. ಹನ್ನೆರಡನೆಯದು ಗುಡುಗು. ಅವನು ನಾನು ‘ಕಂಟ್ರೋಲ್’ ಮಾಡುತ್ತಿದ್ದೇನೆ ಎಂದು ನಂಬಿ ಕತ್ತು ಕೊಡುತ್ತಾನೆ. ಹೇಳಿದರೆ ಮತ್ತೆ ಬೇರೆಯವನ ಕೈ ತರುತ್ತಾರೆ, ಹೇಳದಿದ್ದರೆ ನಾನು ಸೆಪ್ಟೆಂಬರಿನಲ್ಲಿ ಬರೆದ ಆ ನಾಚಿಕೆಗೆಟ್ಟವನು. ಆ ಸಾಲುಗಳನ್ನು ನಾನು ಬರೆದದ್ದು ನನಗೆ. ವಿಳಾಸ ಮಾತ್ರ ನಿನ್ನದಾಯಿತು.

ಅಂಚೆಗೆ ಹಾಕಿದ್ದನ್ನು ವಾಪಸು ತರಲಾಗುವುದಿಲ್ಲ. ಆದರೆ ಅದನ್ನು ಬೈಗುಳದ ಹಾಗೆ ನುಂಗಬೇಡ. ನಿನಗೆ ಹತ್ತೊಂಬತ್ತು. ನಿನ್ನ ಕೈ ಹೆದರಿದೆ, ನನ್ನದು ಹಳತಾಗಿದೆ. ಎರಡೂ ಒಂದೇ ಅಲ್ಲ.

ಬರೆ. ಬೈದಾದರೂ ಬರೆ.

ಅಜ್ಜ

*

ಅಕ್ಟೋಬರ್ 24

ಅಜ್ಜ,

ನಿನ್ನ ಕಾಗದ ಬಂದಾಗ ನಾನು ಕಾಲೇಜು ಬಿಡುವ ಫಾರಂ ತುಂಬುತ್ತಿದ್ದೆ. ಹೌದು, ನಿಜವಾಗಿ. ಸೆಪ್ಟೆಂಬರಿನ ಕಾಗದ ಓದಿದ ಮೇಲೆ ಲ್ಯಾಬಿಗೆ ಹೋಗುವುದನ್ನೇ ಬಿಟ್ಟಿದ್ದೆ. ಜ್ವರ, ತಲೆನೋವು, ಮತ್ತೆ ಜ್ವರ. ನೀನು ಹೇಳಿದ್ದು ತಪ್ಪು ಎನಿಸಿದ್ದರೆ ಜಗಳ ಆಡುತ್ತಿದ್ದೆ. ಸರಿ ಎನಿಸಿತು, ಅದಕ್ಕೇ ಸುಮ್ಮನಾದೆ. ಇನ್ನೂರು ಸಿನಿಮಾ ಮಾಡಿದವನಿಗೆ ಕೈಯ ವಿಷಯ ಗೊತ್ತಿರುವುದಿಲ್ಲವೇ ಎಂದುಕೊಂಡೆ.

ಆಫೀಸಿನ ಗುಮಾಸ್ತರು ಫಾರಂ ನೋಡಿ, “ಕಾರಣದ ಜಾಗ ಖಾಲಿ ಬಿಟ್ಟಿದೀಯಲ್ಲಮ್ಮ, ಏನಾದ್ರೂ ಬರಿ,” ಎಂದರು. ಏನು ಬರೆಯುವುದೆಂದು ಹೊರಗೆ ಬೆಂಚಿನ ಮೇಲೆ ಕೂತೆ. ರೂಮ್‌ಮೇಟ್ ಓಡಿ ಬಂದು ಕವರು ಕೊಟ್ಟಳು. “ನಿಮ್ಮಜ್ಜಂದು ಕಣೇ. ಈ ಸಲ ಯಾವ ವೇಷ?” ಎಂದಳು. ಓದಿದೆ.

ಅಜ್ಜ, ನಾನು ಅದನ್ನು ‘ಓವರ್’ ಎಂದೆ. ಎರಡು ಸಾಲು ಕೆಳಕ್ಕೆ ಜಾರಿದ ಆ ಗೆರೆಯನ್ನು ಓವರ್ ಎಂದೆ. ಇದನ್ನು ನೆನೆದು ಎಷ್ಟು ಸಲ ನಾಲಿಗೆ ಕಚ್ಚಿಕೊಂಡೆನೋ.

ಆಮೇಲೆ ನಾನು ಮಾಡಿದ್ದು ನನಗೇ ನಂಬಿಕೆಯಾಗುತ್ತಿಲ್ಲ. ನೇರ ಮೇಡಂ ರೂಮಿಗೆ ಹೋಗಿ, “ಮೇಡಂ, ನನ್ನ ಕೈ ನಡುಗುತ್ತೆ. ಮೊದಲಿಂದ್ಲೂ,” ಎಂದೆ. ಅವರು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಡಲೂ ಇಲ್ಲ.

“ಎಲ್ಲರದ್ದೂ ನಡುಗುತ್ತೆ. ತಗೋ, ಹಿಡಿದು ತೋರಿಸು.”

ಚಾಕು, ಮೇಣ ಹಿಡಿದೆ. ಮೇಡಂ ಕನ್ನಡಕ ಹಣೆಗೇರಿಸಿದರು.

“ಅಯ್ಯೋ ಹುಡುಗಿ, ಉಂಗುರದ ಬೆರಳು ಎಲ್ಲಿಟ್ಟಿದೀಯಾ?”

“ಎಲ್ಲಿಡ್ಬೇಕು ಮೇಡಂ?”

“ಗಾಳೀಲಿ ಕೆತ್ತುತ್ತಾ ಇದೀಯಲ್ಲೇ! ಮೊದಲ ವಾರ ಹೇಳಿಕೊಟ್ಟಿದ್ದೆನಲ್ಲ, ಎಲ್ಲಿದ್ದೆ?”

ಮೊದಲ ವಾರ ನಾನಿರಲಿಲ್ಲ ಅಜ್ಜ. ಎರಡನೇ ಪಟ್ಟಿ. ಎಲ್ಲರಿಗೂ ಗೊತ್ತಿರುವುದನ್ನು ಕೇಳಿದರೆ ಪೆದ್ದಿ ಎನ್ನುತ್ತಾರೆ ಎಂದು ಮೂರೂವರೆ ತಿಂಗಳು ಕೇಳಲಿಲ್ಲ. ವಿಷಯ ಇಷ್ಟೇ. ಚಾಕು ಹಿಡಿದ ಕೈ ಗಾಳಿಯಲ್ಲಿ ಇರಬಾರದು. ಮೊದಲು ಉಂಗುರದ ಬೆರಳನ್ನು ಗಟ್ಟಿಯಾದ ಜಾಗದಲ್ಲಿ ಊರಬೇಕು. ಮೇಣವಾದರೆ ಮೇಣದ ಮೇಲೆ, ಬಾಯಿಯಾದರೆ ಪಕ್ಕದ ಹಲ್ಲಿನ ಮೇಲೆ. ಉಳಿದ ಬೆರಳುಗಳು ಅದರ ಆಸರೆಯಲ್ಲಿ ಕೆಲಸ ಮಾಡುತ್ತವೆ. ಕೈ ನಡುಗಿದರೂ ಆ ಬೆರಳು ಊರಿರುವವರೆಗೆ ಚಾಕು ದಾರಿ ಬಿಡುವುದಿಲ್ಲ. ಮೇಡಂ ಹೇಳಿದ್ದು: “ಬೆರಳು ಊರಿದ ಮೇಲೇ ಆಯುಧ ತಾಗಿಸಬೇಕು. ಅದಕ್ಕೂ ಮೊದಲು ಪೇಷೆಂಟಿಗೆ ಹೇಳಬೇಕು, ಏನು ಮಾಡ್ತೀನಿ ಅಂತ.”

ಅವತ್ತು ಮಧ್ಯಾಹ್ನ ಒಂದು ಕೋರೆಹಲ್ಲು ಕೆತ್ತಿದೆ. ಸೊಟ್ಟಗಿದೆ, ಆದರೆ ಮುರಿದಿಲ್ಲ. ಫಾರಂ ಮಡಚಿ ಅದರ ಕೆಳಗಿಟ್ಟಿದ್ದೇನೆ.

ಈಗ ನೀನು. ಒಂದು ಬಲೂನು ಊದಿಕೋ. ಕತ್ತಿ ಹಿಡಿದ ಕೈಯ ಉಂಗುರದ ಬೆರಳನ್ನು ಮೊದಲು ಬಲೂನಿಗೆ ಮೆತ್ತಗೆ ಊರು. ಆಮೇಲೆ ಕತ್ತಿ ಇಡು. ಮನುಷ್ಯನಾದರೆ ಕೆನ್ನೆಯ ಮೂಳೆಯ ಮೇಲೆ, ಗದ್ದಕ್ಕೆ ಬಂದಾಗ ದವಡೆಯ ಅಂಚಿನಲ್ಲಿ. ಚಿತ್ರ ಬರೆದು ಕಳಿಸಿದ್ದೇನೆ.

ಆದರೆ ಗುಡುಗು ಮಾಮನಿಗೆ ಹೇಳಬೇಕು. ನಿರ್ದೇಶಕಿಗೂ. ಪಾತ್ರ ಹೋದರೂ ಹೇಳಬೇಕು. ಇದನ್ನು ಬರೆಯುವ ಮೊದಲು ಎರಡು ಹಾಳೆ ಹರಿದು ಹಾಕಿದೆ. ಹೇಳದೆ ಬಾಯಿಗೆ ಕೈ ಹಾಕುವ ಹಾಗಿಲ್ಲ ಅಜ್ಜ.

ಪೆನ್ಸಿಲ್

*

ನವೆಂಬರ್ 16

ಡಾಕ್ಟರ್ ಪೆನ್ಸಿಲ್‌ಗೆ,

ಚಿತ್ರ ತಲುಪಿತು. ಹದಿನೈದು ಬಲೂನುಗಳಲ್ಲಿ ನಾಲ್ಕು ಒಡೆದವು, ಹನ್ನೊಂದು ಉಳಿದವು. ಕೆಳಗಿನ ಸೈಕಲ್ ಅಂಗಡಿಯವನು ಮನೆಯಲ್ಲಿ ಮಕ್ಕಳ ಹುಟ್ಟುಹಬ್ಬವೇ ಎಂದು ಕೇಳಿದ.

ಶೂಟಿಂಗಿನ ದಿನ ಬೆಳಿಗ್ಗೆ ಮೇಕಪ್ ರೂಮಿನಲ್ಲಿ ಗುಡುಗು ನಾಲ್ಕು ದಿನದ ಗಡ್ಡ ಕೆರೆಯುತ್ತಾ ಕೂತಿದ್ದ. ಬಾಗಿಲು ಹಾಕಿದೆ.

“ನಡುಕ ನಟನೆಯಲ್ಲ ಕಣೋ,” ಎಂದೆ.

“ಗೊತ್ತು.”

“ಏನು ಗೊತ್ತು?”

“ಹೂಜಿ ವಿಷ್ಯ ಇಡೀ ಊರಿಗೇ ಗೊತ್ತು ಮಾರಾಯ. ನೀನಾಗೇ ಯಾವಾಗ ಬಾಯಿ ಬಿಡ್ತೀಯಾ ಅಂತ ಕಾಯ್ತಾ ಇದ್ದೆ.”

“ಗೊತ್ತಿದ್ದೂ ಕೂರ್ತಿದ್ಯಾ?”

ಅವನು ಕನ್ನಡಿಯಲ್ಲೇ ನನ್ನನ್ನು ನೋಡಿದ. “ಹೇಳದೇ ಇದ್ದಿದ್ರೆ ಎದ್ದು ಹೋಗ್ತಿದ್ದೆ. ನನಗೂ ಮೊಮ್ಮಕ್ಕಳಿದಾರೆ,” ಎಂದ.

ನೀನು ಬರೆಯದಿದ್ದರೆ ನಾನು ಹೇಳುತ್ತಿರಲಿಲ್ಲ, ಅದನ್ನು ನಿನಗೂ ಹೇಳಿಬಿಡಬೇಕು.

ನಿರ್ದೇಶಕಿಗೂ ಹೇಳಿದೆ. ಅವಳು ಎದ್ದು ಹೊರಗೆ ಹೋದಳು. ನಾನು ನನ್ನ ಮಡಚುವ ಕುರ್ಚಿಯನ್ನು ಮಡಚಿಟ್ಟುಕೊಂಡೆ. ಹತ್ತು ನಿಮಿಷದ ಮೇಲೆ ಬಂದು, “ಸರ್, ಬೇರೆಯವರ ಕೈ ತರಬೇಕಂದ್ರೆ ಕಟ್ ಮಾಡಬೇಕು. ನನಗೆ ಕಟ್ ಬೇಡ. ನೀವು ನನಗೆ ಸುಳ್ಳು ಹೇಳಿದ್ದಕ್ಕೆ ಆಮೇಲೆ ಜಗಳ ಆಡ್ತೀನಿ. ಆದ್ರೆ ಒಂದು ಹನಿ ರಕ್ತ ಬಂದ್ರೂ ಅಲ್ಲಿಗೇ ನಿಲ್ಲಿಸ್ತೀನಿ,” ಎಂದಳು.

ಕ್ಯಾಮೆರಾ ಓಡಿತು. ನೊರೆ ಹಚ್ಚಿದೆ. ಕತ್ತಿ ಬಿಚ್ಚಿದೆ. ಬೆಳಕಿನಲ್ಲಿ ಅದು ಅಲುಗಾಡಿದ್ದು ನನಗೇ ಕಂಡಿತು. ಮೂವತ್ತು ಜನ ನೋಡುತ್ತಿದ್ದರು. ಆಗ ನಿನ್ನ ಚಿತ್ರದಲ್ಲಿದ್ದಂತೆ, ಕತ್ತಿ ತಾಗಿಸದೆ, ಉಂಗುರದ ಬೆರಳನ್ನು ಮೊದಲು ಅವನ ಕೆನ್ನೆಯ ಮೂಳೆಯ ಮೇಲೆ ಊರಿದೆ. ಕೈ ಕುದುರಲಿ ಎಂದು ಒಂದು ಕ್ಷಣ ಹಾಗೇ ನಿಂತೆ. ಗುಡುಗು ಕಣ್ಣು ಮುಚ್ಚಿದ. ಸ್ಕ್ರಿಪ್ಟಿನಲ್ಲಿ ಅವನು ಕಣ್ಣು ಮುಚ್ಚುವಂತಿರಲಿಲ್ಲ.

ಆಮೇಲೆ ಕರಕರ ಸದ್ದು. ಕಿವಿಯ ಕೆಳಗೆ ಬಂದಾಗ ನಡುಕ ಮತ್ತೆ ಬಂತು, ಅವನು ತಾನಾಗಿ ತಲೆ ವಾಲಿಸಿ ಕತ್ತು ಕೊಟ್ಟ. ಗದ್ದದ ಹತ್ತಿರ ಕೊನೆಯ ಎಳೆತದಲ್ಲಿ ಸಾಸಿವೆಯಷ್ಟು ರಕ್ತ ಬಂತು. ‘ಕಟ್’ ಎನ್ನುವುದನ್ನು ಕಾದೆ. ಅವಳು ಅನ್ನಲಿಲ್ಲ. ಹೆಬ್ಬೆರಳಿನಿಂದ ಅದನ್ನು ಒತ್ತಿ ಹಿಡಿದು ನಿಂತೆ, ನಾಲ್ಕು ನಿಮಿಷ ಮುಗಿಯುವವರೆಗೆ.

ಮುಗಿದ ಮೇಲೆ ಗುಡುಗು ಎದ್ದು ಕನ್ನಡಿ ನೋಡಿಕೊಂಡು, “ಮೂವತ್ತು ಸಲ ಕತ್ತು ಹಿಸುಕಿದ್ದಕ್ಕೆ ಒಂದು ಹನೀನಾ? ನೀನು ತುಂಬಾ ಸಾಧು ಕಣಯ್ಯಾ,” ಎಂದ. ನಿರ್ದೇಶಕಿ ಮೂಗು ಒರೆಸಿಕೊಂಡು ಬಂದಳು. “ಸರ್, ಶುರೂನಲ್ಲಿ ಅವರ ಕೆನ್ನೆ ಮೇಲೆ ಬೆರಳಿಟ್ಟು ನಿಂತ್ರಲ್ಲ... ಇಪ್ಪತ್ತು ವರ್ಷ ಆದ್ಮೇಲೆ ಮೊದಲನೇ ಸಲ ಮುಟ್ಟೋದು. ನಾನು ಅದನ್ನ ಬರೆದೇ ಇರ್ಲಿಲ್ಲ. ಯಾವಾಗ ಯೋಚಿಸಿದ್ರಿ?”

“ನಾನು ಯೋಚಿಸಿದ್ದಲ್ಲಮ್ಮ. ನನ್ನ ಮೊಮ್ಮಗಳು ಹಲ್ಲಿನ ಡಾಕ್ಟರು,” ಎಂದೆ. ಅವಳಿಗೆ ತಲೆಬುಡ ಅರ್ಥವಾಗಲಿಲ್ಲ.

ನಿನ್ನ ಪರೀಕ್ಷೆ ಇಪ್ಪತ್ತಾರಕ್ಕೆ ಅಲ್ಲವೇ? ಮೇಡಂ ಹಿಂದೆ ನಿಂತರೆ ಕೆಮ್ಮಬೇಡ. ಅವರಿಗೂ ಗೊತ್ತು, ನಿನಗೂ ಗೊತ್ತು. ಅಡಗಿಸುವ ಕೆಲಸ ಒಂದು ಕಮ್ಮಿಯಾಯಿತು.

ಅಜ್ಜ

*

ನವೆಂಬರ್ 28

ಅಜ್ಜ,

ಪರೀಕ್ಷೆ ಮುಗಿಯಿತು. ಮೇಲಿನ ಕೋರೆಹಲ್ಲು ಬಂದಿತ್ತು. ಹೊರಗಿನಿಂದ ಬಂದ ಪರೀಕ್ಷಕರು ನನ್ನ ಹಿಂದೆಯೇ ಬಂದು ನಿಂತರು, ಅವರ ಶೂ ಕಿರುಗುಡುತ್ತಿತ್ತು. ಕೈ ನಡುಗಿತು. ಕೆಮ್ಮಲಿಲ್ಲ. ಉಂಗುರದ ಬೆರಳು ಎಷ್ಟು ಗಟ್ಟಿಯಾಗಿ ಊರಿತ್ತೆಂದರೆ ಮೇಣದ ಬುಡದಲ್ಲಿ ಅದರ ಗುರುತು ಬಿದ್ದಿದೆ. ಅದಕ್ಕೆ ಮಾರ್ಕ್ಸ್ ಕಳೆಯುತ್ತಾರೋ ಏನೋ. ರಿಸಲ್ಟ್ ಜನವರಿಯಲ್ಲಿ. ಪಾಸಾಗುತ್ತೇನೆಂದು ಬರೆದರೆ ಸುಳ್ಳಾಗಬಹುದು, ಅದಕ್ಕೇ ಬರೆಯುವುದಿಲ್ಲ.

ಅಮ್ಮನಿಗೆ ಎಲ್ಲ ಹೇಳಿದೆ, ನನ್ನದು ಮಾತ್ರ. ನಿನ್ನದನ್ನು ನೀನೇ ಹೇಳಬೇಕು. ನಿನಗೆ ಒಂದು ವಾರ ಟೈಮ್ ಕೊಟ್ಟಿದ್ದೇನೆ.

ಇದರ ಜೊತೆ ಹತ್ತಿಯಲ್ಲಿ ಸುತ್ತಿ ಒಂದು ಹಲ್ಲು ಕಳಿಸಿದ್ದೇನೆ. ಅಕ್ಟೋಬರಿನ ಆ ಸೊಟ್ಟ ಕೋರೆಹಲ್ಲು. ಬಿಸಿಲಿನಲ್ಲಿಡಬೇಡ, ಕರಗುತ್ತದೆ. ಅದರ ಕೆಳಗಿದ್ದ ಫಾರಂ ಈಗ ಬಿಸ್ಕತ್ ಡಬ್ಬಿಯಲ್ಲಿದೆ, ಕಾರಣದ ಜಾಗ ಖಾಲಿಯಾಗಿಯೇ. ಅದರ ಮೇಲೆ ಆಗಸ್ಟಿನ ಕಾಗದ ಇಟ್ಟಿದ್ದೇನೆ. ಉಳಿದ ಪಾತ್ರಗಳ ಜೊತೆ ಅದು ಇರಬೇಕೋ ಬೇಡವೋ ಎಂದು ತುಂಬಾ ಹೊತ್ತು ಯೋಚಿಸಿದೆ. ಕೊನೆಗೆ ಬೇರೆ ಕವರಿಗೆ ಹಾಕಿ, ಮೇಲೆ ಬರೀ ‘ಅಜ್ಜ’ ಎಂದು ಬರೆದೆ.

ಮುಂದಿನ ಪಾತ್ರ ಯಾರದ್ದಾದರೂ ಆಗಲಿ, ಅವನಿಗೆ ಬೇಕಾದ ಹಾಗೆ ಬರೆಯಲಿ. ಆದರೆ ನಡುವೆ ಆಗಾಗ ನೀನೂ ಬರೆ. ಗೆರೆ ಎರಡು ಸಾಲು ಕೆಳಕ್ಕೆ ಜಾರಿದರೆ ನಾನು ಎರಡು ಸಾಲು ಕೆಳಗೆ ಹೋಗಿ ಓದಿಕೊಳ್ಳುತ್ತೇನೆ.

ಪೆನ್ಸಿಲ್